ರೊಟ್ಟಿ-ಪಲ್ಯ ಉಣ್ಣುವವರಿಗೂ ತಾಕತ್ತಿನ ಗುಳಿಗೆ ಬೇಕಾ?

ವಿಜಯಪುರದ ಯಾವುದೇ ಮೆಡಿಕಲ್ ಶಾಪ್ ಮುಂದೆ ಸಂಜೆ ಸ್ವಲ್ಪ ಹೊತ್ತು ನಿಂತರೆ ಈ ಥರದ ಮಾತು ಕಿವಿಗೆ ಬೀಳುತ್ತದೆ.

"ಅಣ್ಣಾರ, ತಾಕತ್ತಿನ ಗುಳಿಗಿ ಕೊಡ್ರಿ."

"ಯಾರಿಗ್ರಿ ಅಕ್ಕಾರ?"

"ಮನ್ಯಾಗ ಎಲ್ಲಾರಿಗೂ."

ಅಂಗಡಿಯವರು ಬಣ್ಣದ ಸ್ಟ್ರಿಪ್ ಒಂದನ್ನು ತೆಗೆದು ಕೊಡುತ್ತಾರೆ. ಅತ್ತೆ, ಸೊಸೆ, ಹತ್ತನೇ ಕ್ಲಾಸಿನ ಹುಡುಗ ಮೂವರೂ ಅದನ್ನೇ ನುಂಗುತ್ತಾರೆ. ಅತ್ತೆಗೆ ಬೇಕಾಗಿದ್ದು ಬೇರೆ, ಸೊಸೆಗೆ ಬೇಕಾಗಿದ್ದು ಬೇರೆ. ಹುಡುಗನಿಗೆ ಬಹುಶಃ ಏನೂ ಬೇಕಿರಲಿಲ್ಲ.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಹೊತ್ತಿಗೆ ಸರಿಯಾಗಿ, ಬಗೆಬಗೆಯಾಗಿ ಉಂಡು ಆರೋಗ್ಯವಾಗಿರುವವರಿಗೆ ದಿನಾ ಮಲ್ಟಿವಿಟಮಿನ್ ಬೇಕಿಲ್ಲ. ಆದರೆ ನಮ್ಮ ಕಡೆ ಚೆನ್ನಾಗಿ ಉಣ್ಣುವವರಲ್ಲೂ ಬಿ12, ವಿಟಮಿನ್ ಡಿ, ಕಬ್ಬಿಣ ಈ ಮೂರು ಕಡಿಮೆ ಬೀಳುವುದು ಮಾಮೂಲು. ಯಾರಿಗೆ ಯಾವುದು ಕಡಿಮೆ ಅಂತ ಗೊತ್ತು ಮಾಡಿಕೊಂಡು ಅದೊಂದನ್ನೇ ತಗೊಂಡರೆ ದುಡ್ಡೂ ಉಳಿಯುತ್ತದೆ, ಕೆಲಸವೂ ಆಗುತ್ತದೆ.

ಹೆಜ್ಜೆ 1: ಮೊದಲು ಗಂಗಾಳ ನೋಡಿ

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊಸ ಆಹಾರ ಮಾರ್ಗಸೂಚಿ ಹೊರಡಿಸಿತು. ದಿನಕ್ಕೆ 2000 ಕ್ಯಾಲೊರಿ ಬೇಕಾದವರ ತಟ್ಟೆ ಹೇಗಿರಬೇಕು ಅಂತ ಅದರಲ್ಲಿ ತೂಕದ ಸಮೇತ ಇದೆ. ಧಾನ್ಯ 250 ಗ್ರಾಂ, ಬೇಳೆಕಾಳು 85 ಗ್ರಾಂ, ತರಕಾರಿ ಮತ್ತು ಸೊಪ್ಪು ಸೇರಿ 400 ಗ್ರಾಂ, ಹಣ್ಣು 100 ಗ್ರಾಂ, ಶೇಂಗಾ-ಎಳ್ಳಿನಂಥ ಬೀಜ 35 ಗ್ರಾಂ, ಎಣ್ಣೆ-ತುಪ್ಪ 27 ಗ್ರಾಂ, ಹಾಲು 300 ಮಿಲಿ. ಮಾಂಸ, ಮೊಟ್ಟೆ ತಿನ್ನುವವರು ಬೇಳೆಯ ಪಾಲಿನಲ್ಲಿ ಅದನ್ನು ಸೇರಿಸಿಕೊಳ್ಳಬಹುದು.

ಇದನ್ನು ನಮ್ಮ ಊಟಕ್ಕೆ ಹೊಂದಿಸಿ ನೋಡೋಣ. ನಾಲ್ಕು ಜೋಳದ ರೊಟ್ಟಿಗೆ ಸುಮಾರು 240 ಗ್ರಾಂ ಹಿಟ್ಟು ಹಿಡಿಯುತ್ತದೆ. ಅಷ್ಟರಲ್ಲೇ 24 ಗ್ರಾಂ ಪ್ರೋಟೀನ್ ಬಂತು. ಮಡಕಿ ಕಾಳಿನ ಪಲ್ಯ ಇಲ್ಲವೇ ಬ್ಯಾಳಿ ಒಂದು ವಾಟಗಾ ಚೆನ್ನಾಗಿ ಉಂಡರೆ 12-14 ಗ್ರಾಂ. ಎರಡು ಚಮಚ ಶೇಂಗಾ ಹಿಂಡಿಯಿಂದ 5 ಗ್ರಾಂ. ಹಾಲು-ಮೊಸರಿನಿಂದ 9-10 ಗ್ರಾಂ. ಒಟ್ಟು ಹತ್ತಿರ ಹತ್ತಿರ 50 ಗ್ರಾಂ ಆಯಿತು. ದೊಡ್ಡವರಿಗೆ ಕಿಲೋ ತೂಕಕ್ಕೆ 0.83 ಗ್ರಾಂ ಸಾಕು, ಅಂದರೆ 60 ಕಿಲೋ ತೂಗುವವರಿಗೆ 50 ಗ್ರಾಂ. ಡಬ್ಬಿ ಪುಡಿ ಇಲ್ಲದೆಯೇ ಲೆಕ್ಕ ಮುಟ್ಟಿತು, ಅಲ್ವಾ?

ಉಳಿದ ವಿಟಮಿನ್‌ಗಳ ವಿಷಯವೂ ಹೀಗೇ. ರೊಟ್ಟಿ ಜೊತೆ ಹಸಿ ಮೆಂತ್ಯೆ ತಪ್ಪಲು, ಹಕ್ಕರಕಿ, ಉಳ್ಳಾಗಡ್ಡಿ ಕಚ್ಚಿಕೊಂಡು ತಿನ್ನುವ ರೂಢಿ ಬಹಳ ಒಳ್ಳೆಯದು. ಪುಂಡಿ ಪಲ್ಯ, ರಾಜಗಿರಿ, ಕಿರಕಸಾಲಿ ಎಲ್ಲದರಲ್ಲೂ ಫೋಲೇಟ್ (ಗುಳಿಗೆಯಲ್ಲಿ ಇದಕ್ಕೇ ಫೋಲಿಕ್ ಆಸಿಡ್ ಅನ್ನುತ್ತಾರೆ) ಮತ್ತು ವಿಟಮಿನ್ ಎ ಆಗುವ ಬೀಟಾ ಕ್ಯಾರೊಟಿನ್ ಇದೆ. ಸಿಪ್ಪೆ ತೆಗೆಯದ ಎಳ್ಳು 100 ಗ್ರಾಮಿಗೆ 1000 ಮಿಲಿಗ್ರಾಮಿಗೂ ಮೀರಿ ಕ್ಯಾಲ್ಸಿಯಂ ಕೊಡುತ್ತದೆ. ಅಗಸಿ ಹಿಂಡಿಯ ಒಂದು ದೊಡ್ಡ ಚಮಚದಲ್ಲಿ ಸುಮಾರು 2 ಗ್ರಾಂ ಒಮೆಗಾ-3 ಎಂಬ ಒಳ್ಳೆಯ ಕೊಬ್ಬು ಇದೆ. ಅಗಸಿಯನ್ನು ಇಡಿಯಾಗಿ ನುಂಗಿದರೆ ಹಾಗೇ ಹೊರಗೆ ಹೋಗುತ್ತದೆ, ಕುಟ್ಟಿಯೇ ತಿನ್ನಬೇಕು. ನಮ್ಮ ಅಜ್ಜಿಯಂದಿರು ಅಗಸಿಯನ್ನು ಹಿಂಡಿ ಮಾಡಿದ್ದು ರುಚಿಗೆ ಇರಬಹುದು, ಆದರೆ ಹೊಟ್ಟೆಗೂ ಅದೇ ಸರಿ.

ಈಗ ಪ್ರಾಮಾಣಿಕವಾಗಿ ಕೇಳಿಕೊಳ್ಳಿ, ನೀವು ನಿಜಕ್ಕೂ ಹೀಗೆ ಉಣ್ಣುತ್ತೀರಾ? ಬೆಳಿಗ್ಗೆ ಚಹಾ-ಟೋಸ್ಟ್, ಮಧ್ಯಾಹ್ನ ಅನ್ನ-ಸಾರು, ಸಂಜೆ ಚುರುಮುರಿ-ಮಿರ್ಚಿ ಭಜಿ, ರಾತ್ರಿ ಮತ್ತೆ ಅನ್ನ. ಇದೂ "ಮನೆ ಊಟ"ವೇ. ಹೊಟ್ಟೆ ತುಂಬುತ್ತದೆ, ತಪ್ಪಲು ಕಾಣುವುದಿಲ್ಲ, ಹಣ್ಣು ಕಾಣುವುದಿಲ್ಲ. ಹಾಗಿದ್ದರೆ ಗುಳಿಗೆಗಿಂತ ಮೊದಲು ಸಂತೆಯ ಚೀಲ ಬದಲಾಗಬೇಕು. ಒಂದು ವಾರ ಏನು ತಿಂದಿರಿ ಅಂತ ಕ್ಯಾಲೆಂಡರಿನ ಹಿಂದೆ ಬರೆದಿಡಿ. ನೆನಪಿನಿಂದ ಹೇಳುವ ಊಟಕ್ಕೂ ಬರೆದ ಊಟಕ್ಕೂ ಬಹಳ ಅಂತರ ಇರುತ್ತದೆ.

ಹೆಜ್ಜೆ 2: ಗಂಗಾಳದಲ್ಲಿ ಸಿಗದೇ ಇರುವುದನ್ನು ಹುಡುಕಿ

ಬಿ12. ಶಾಕಾಹಾರಿ ಮನೆಯವರು ಈ ಭಾಗವನ್ನು ಎರಡು ಸಲ ಓದಿ. ಈ ವಿಟಮಿನ್ ಯಾವ ಕಾಳಿನಲ್ಲೂ, ಸೊಪ್ಪಿನಲ್ಲೂ, ಹಣ್ಣಿನಲ್ಲೂ ಇಲ್ಲ. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಲ್ಲಿ ಮಾತ್ರ ಇದೆ. ದಿನಕ್ಕೆ ಬೇಕಾದದ್ದು ಬಹಳ ಸಣ್ಣ ಪ್ರಮಾಣ, ಸುಮಾರು 2 ಮೈಕ್ರೋಗ್ರಾಂ. ಕಾಲು ಲೀಟರ್ ಹಾಲಿನಲ್ಲಿ ಹೆಚ್ಚುಕಡಿಮೆ 1 ಮೈಕ್ರೋಗ್ರಾಂ ಸಿಗುತ್ತದೆ, ಕಾಯಿಸಿದಾಗ ಅದರಲ್ಲೂ ಸ್ವಲ್ಪ ಹೋಗುತ್ತದೆ.

"ನಮ್ಮ ಮನೆಯಲ್ಲಿ ಹೈನಕ್ಕೆ ಬರ ಇಲ್ಲ" ಅಂತ ಹೇಳುವವರು ಒಮ್ಮೆ ಯೋಚಿಸಿ. ಹಾಲು ಡೈರಿಗೆ ಹೋಗುತ್ತದೆ, ಮನೆಗೆ ಉಳಿಯುವುದು ಚಹಾಕ್ಕೆ ಹಾಕುವಷ್ಟು ಮತ್ತು ಮಜ್ಜಿಗೆ. ತಂಬಿಗೆ ತುಂಬ ಕುಡಿದರೂ ನಮ್ಮ ಮಜ್ಜಿಗೆಯಲ್ಲಿ ನೀರೇ ಜಾಸ್ತಿ. ಅದರಲ್ಲೂ ಮನೆಯ ಹೆಣ್ಣುಮಕ್ಕಳು ಕೊನೆಗೆ ಉಣ್ಣುವಾಗ ಮೊಸರಿನ ಗಡಿಗೆ ಖಾಲಿಯಾಗಿರುತ್ತದೆ.

ಬಿ12 ಕಡಿಮೆಯಾದರೆ ಕೈಕಾಲು ಜೋಮು ಹಿಡಿಯುತ್ತವೆ, ನಾಲಿಗೆ ಕೆಂಪಗೆ ನುಣ್ಣಗಾಗಿ ಉರಿಯುತ್ತದೆ, ಸುಸ್ತು, ಮರೆವು ಬರುತ್ತದೆ, ನಡೆಯುವಾಗ ಸಮತೋಲ ತಪ್ಪುತ್ತದೆ. ಬಹಳ ದಿನ ಹಾಗೇ ಬಿಟ್ಟರೆ ನರಗಳಿಗೆ ಆದ ಪೆಟ್ಟು ಪೂರ್ತಿ ವಾಸಿಯಾಗದೇ ಉಳಿಯಬಹುದು. ಹೆಚ್ಚು ಎಚ್ಚರ ಇರಬೇಕಾದವರು ಇನ್ನೂ ಇದ್ದಾರೆ. ಶುಗರ್‌ಗೆ ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತೆಗೆದುಕೊಳ್ಳುವವರಿಗೆ ಬಿ12 ಇಳಿಯುತ್ತದೆ. "ಗ್ಯಾಸಿನ ಗುಳಿಗೆ" ಅಂತ ದಿನಾ ಬೆಳಿಗ್ಗೆ ಪ್ಯಾಂಟೊಪ್ರಝೋಲ್, ಒಮೆಪ್ರಝೋಲ್ ನುಂಗುವವರಿಗೂ ಇಳಿಯುತ್ತದೆ. 60 ದಾಟಿದವರ ಹೊಟ್ಟೆ ಬಿ12 ಅನ್ನು ಮೊದಲಿನ ಹಾಗೆ ಹೀರುವುದಿಲ್ಲ. ಈ ಮೂರೂ ಸೇರಿದ ಹಿರಿಯರು ನಮ್ಮ ಓಣಿಯಲ್ಲಿ ಎಷ್ಟು ಮಂದಿ ಇದ್ದಾರೆ ಅಂತ ಎಣಿಸಿದರೆ ಗಾಬರಿಯಾಗುತ್ತದೆ. ಜೋಮು ಹಿಡಿದಿದ್ದನ್ನು ಅವರು "ಶುಗರ್ ಇದ್ದವರಿಗೆ ಆಗೋದೇ" ಅಂತ ಬಿಟ್ಟಿರುತ್ತಾರೆ. ಬಿ12 ಪರೀಕ್ಷೆ ಮಾಡಿಸಿರುವುದಿಲ್ಲ.

ಇನ್ನೊಂದು ಮಾತು. ಬಿ12 ಕೊರತೆ ಇರುವವರು ಬರೀ ಫೋಲಿಕ್ ಆಸಿಡ್ ಗುಳಿಗೆ ಜಾಸ್ತಿ ತೆಗೆದುಕೊಂಡರೆ ರಕ್ತದ ವರದಿ ಸುಧಾರಿಸಿದ ಹಾಗೆ ಕಾಣುತ್ತದೆ, ಒಳಗೆ ನರಗಳ ತೊಂದರೆ ಮುಂದುವರಿಯುತ್ತದೆ. ಸ್ಪಿರುಲಿನಾ ಎಂಬ ಪಾಚಿಯ ಪುಡಿಯಲ್ಲಿ ಬಿ12 ಇದೆ ಅಂತ ಮಾರುವವರನ್ನೂ ನಂಬಬೇಡಿ. ಅದರಲ್ಲಿ ಹೆಚ್ಚಾಗಿ ಇರುವುದು ನಮ್ಮ ಮೈಗೆ ಉಪಯೋಗಕ್ಕೆ ಬಾರದ ರೂಪ.

ವಿಟಮಿನ್ ಡಿ. ಬಿಸಿಲಿಗೆ ಹೆಸರಾದ ಜಿಲ್ಲೆಯಲ್ಲಿ ಬಿಸಿಲಿನ ವಿಟಮಿನ್ ಕಡಿಮೆ ಅಂದರೆ ನಗು ಬರುತ್ತದೆ. ಆದರೆ ಹೊಲದಲ್ಲಿ ಕಳೆ ತೆಗೆಯುವವರ ಮಾತು ಬೇರೆ, ಅಂಗಡಿ ಗಲ್ಲೆಯಲ್ಲಿ ಕೂತವರ, ಬ್ಯಾಂಕಿನವರ, ಮನೆಯೊಳಗೇ ಇರುವವರ ಮಾತು ಬೇರೆ. ಗಾಜಿನ ಕಿಟಕಿಯಿಂದ ಬರುವ ಬಿಸಿಲಿನಿಂದ ವಿಟಮಿನ್ ಡಿ ಆಗುವುದಿಲ್ಲ. ಮುಂಜಾನೆಯ ಎಳೆಬಿಸಿಲು ಹಿತ, ಆದರೆ ಅದರಿಂದ ಆಗುವುದು ತೀರಾ ಕಡಿಮೆ. ಸುಲಭದ ಅಳತೆ ಅಂದರೆ ನಿಮ್ಮ ನೆರಳು. ಅದು ನಿಮಗಿಂತ ಗಿಡ್ಡ ಆದಾಗಿನ ಬಿಸಿಲೇ ಕೆಲಸಕ್ಕೆ ಬರುವುದು. ನಮ್ಮ ಕಡೆ ಮೇ ತಿಂಗಳಲ್ಲಿ ಅದು ಬೆಳಿಗ್ಗೆ ಒಂಬತ್ತೂವರೆಗೇ ಆಗಿರುತ್ತದೆ, ಡಿಸೆಂಬರಿನಲ್ಲಿ ಹನ್ನೊಂದು ದಾಟಬೇಕು. ಮುಖ, ಕೈ, ತೋಳಿಗೆ ಬಿಸಿಲು ತಾಗುವ ಹಾಗೆ ಹದಿನೈದು-ಇಪ್ಪತ್ತು ನಿಮಿಷ, ವಾರಕ್ಕೆ ಕೆಲವು ದಿನ ಸಾಕು. ಬೇಸಿಗೆ ನಡುಮಧ್ಯಾಹ್ನ ಮಾತ್ರ ಈ ಸಾಹಸ ಬೇಡ.

ಈಗ ಆ ಸ್ಯಾಶೆ ಮಾತು. ವಿಟಮಿನ್ ಡಿ ಪುಡಿಯ ಪೊಟ್ಟಣದ ಮೇಲೆ 60,000 ಐಯು (ವಿಟಮಿನ್ ಅಳೆಯುವ ಒಂದು ಮಾನ) ಅಂತ ಬರೆದಿರುತ್ತದೆ. ದಿನಕ್ಕೆ ಬೇಕಾದದ್ದು 600 ಐಯು. ಒಂದು ಪೊಟ್ಟಣ ಅಂದರೆ ನೂರು ದಿನದ್ದು. ಕೊರತೆ ಇದ್ದವರಿಗೆ ವೈದ್ಯರು ಸಾಮಾನ್ಯವಾಗಿ ವಾರಕ್ಕೆ ಒಂದರಂತೆ ಎಂಟು ವಾರ ಬರೆಯುತ್ತಾರೆ. ತೊಂದರೆ ಶುರುವಾಗುವುದು ಆಮೇಲೆ. "ಚಲೋ ಅನಿಸ್ತು" ಅಂತ ವರ್ಷವಿಡೀ ಮುಂದುವರಿಸುವವರಿದ್ದಾರೆ. ಚೀಟಿ ತಪ್ಪಾಗಿ ತಿಳಿದು ದಿನಾ ಒಂದು ಹಾಲಿಗೆ ಹಾಕಿಕೊಂಡು ಕುಡಿಯುವವರೂ ಇದ್ದಾರೆ. ಬಿ ಮತ್ತು ಸಿ ವಿಟಮಿನ್‌ಗಳಲ್ಲಿ ಹೆಚ್ಚಾಗಿದ್ದು ಬಹುತೇಕ ಮೂತ್ರದಲ್ಲಿ ಹೊರಗೆ ಹೋಗುತ್ತದೆ. ಡಿ ಹಾಗಲ್ಲ, ಕೊಬ್ಬಿನಲ್ಲಿ ಕೂಡಿಕೊಳ್ಳುತ್ತದೆ. ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಮಲಬದ್ಧತೆ, ಬಿಡದ ಬಾಯಾರಿಕೆ, ಕೊನೆಗೆ ಕಿಡ್ನಿಗೇ ಪೆಟ್ಟು ಬೀಳುತ್ತದೆ.

ಕಬ್ಬಿಣ. ಗಂಡಸರಿಗೆ ದಿನಕ್ಕೆ 19 ಮಿಲಿಗ್ರಾಂ, ಮುಟ್ಟಾಗುವ ವಯಸ್ಸಿನ ಹೆಂಗಸರಿಗೆ 29 ಮಿಲಿಗ್ರಾಂ ಬೇಕು. ನಾಲ್ಕು ರೊಟ್ಟಿಯಿಂದ ಒಂಬತ್ತು ಚಿಲ್ಲರೆ ಬರುತ್ತದೆ, ಕಾಳು-ತಪ್ಪಲು ಸೇರಿಸಿದರೆ ಹದಿನೈದು-ಹದಿನೇಳು. ಗಂಡಸರು ಹೆಚ್ಚುಕಡಿಮೆ ದಡ ಮುಟ್ಟುತ್ತಾರೆ, ಹೆಂಗಸರು ನಡುನೀರಿನಲ್ಲಿ. ತಿಂದದ್ದು ಮೈಗೆ ಹತ್ತಬೇಕಾದರೆ ಪಲ್ಯದ ಮೇಲೆ ಲಿಂಬೆಹಣ್ಣು ಹಿಂಡಿ, ಇಂಡಿ ತಾಲ್ಲೂಕಿನ ಲಿಂಬೆಗೆ ನಮ್ಮಲ್ಲಿ ಬರವಿಲ್ಲ. ಮಡಕಿ, ಹೆಸರು ಮೊಳಕೆ ಬರಿಸಿ ತಿನ್ನಿ. ಊಟ ಮುಗಿದ ಕೂಡಲೇ ಚಹಾ ಕುಡಿಯುವುದು ಬಿಡಿ, ಒಂದು ಗಂಟೆ ತಡೆಯಿರಿ. ಸಜ್ಜೆಯಲ್ಲಿ ಜೋಳಕ್ಕಿಂತ ಕಬ್ಬಿಣ ಜಾಸ್ತಿ. ಸಜ್ಜೆ ರೊಟ್ಟಿ ಸಂಕ್ರಾಂತಿಗೆ ಮಾತ್ರ ಯಾಕೆ?

ಗಂಡಸರಲ್ಲಿ ಹಿಮೋಗ್ಲೋಬಿನ್ ಕಡಿಮೆ ಬಂದರೆ ಸುಮ್ನೆ ಗುಳಿಗೆ ನುಂಗಬಾರದು. ಮೂಲವ್ಯಾಧಿ, ಹೊಟ್ಟೆಯ ಹುಣ್ಣು ಅಥವಾ ಇನ್ನೇನೋ ಕಾರಣಕ್ಕೆ ರಕ್ತ ಹೋಗುತ್ತಿರಬಹುದು. ಮುಟ್ಟು ನಿಂತ ಹೆಂಗಸರಿಗೂ ಇದೇ ಮಾತು.

ಕ್ಯಾಲ್ಸಿಯಂ ಬಗ್ಗೆ ಒಂದೇ ಮಾತು. ಮೊಣಕಾಲು ನೋವು ಅಂದ ಕೂಡಲೇ ಕ್ಯಾಲ್ಸಿಯಂ ಗುಳಿಗೆ ತರುವ ರೂಢಿ ಇದೆ. ಆದರೆ ನೋವಿಗೆ ಕಾರಣ ಕುಡಿಯುವ ನೀರೂ ಇರಬಹುದು. ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಕೆಲವು ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಹಲ್ಲು ಕಂದಾಗಿ, ಬೆನ್ನು-ಕೀಲು ಬಿಗಿಯುತ್ತಿದ್ದರೆ ಮೊದಲು ನೀರು ಪರೀಕ್ಷೆ ಮಾಡಿಸಿ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರು ಕುಡಿಯಬಾರದು.

ಮತ್ತೆ, ಅಯೋಡಿನ್ ಉಪ್ಪು ಬಿಟ್ಟು ಸೈಂಧವ ಲವಣಕ್ಕೆ ಹೋದವರು ವಾಪಸ್ ಬನ್ನಿ.

ಹೆಜ್ಜೆ 3: ಗುಳಿಗೆ ಬಿಡಬಾರದವರು ಯಾರು

ಮಗು ಬೇಕು ಅಂತ ಯೋಚಿಸುತ್ತಿರುವ ಹೆಣ್ಣುಮಕ್ಕಳು ಮೊದಲಿಗರು. ಎಷ್ಟೇ ಒಳ್ಳೆಯ ಊಟ ಇರಲಿ, ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಬೇಕು, ಅದೂ ಬಸಿರಾಗುವ ಮೊದಲೇ. ಮಗುವಿನ ಮಿದುಳು-ಬೆನ್ನುಹುರಿ ಆಗುವ ನಾಳ ಸುಮಾರು 28 ದಿನದೊಳಗೆ ಮುಚ್ಚಿಕೊಳ್ಳುತ್ತದೆ. ಆಗ ಎಷ್ಟೋ ಜನರಿಗೆ ತಿಂಗಳು ತಪ್ಪಿದ್ದೇ ಗೊತ್ತಿರುವುದಿಲ್ಲ.

ಬಸಿರು ನಿಂತ ಮೇಲೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೊಡುವ ಕೆಂಪು ಗುಳಿಗೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಇದೆ. ನಾಲ್ಕನೇ ತಿಂಗಳಿನಿಂದ ದಿನಾ ಒಂದು, 180 ದಿನ. ಬಾಣಂತನದಲ್ಲೂ 180 ದಿನ. ಮಲ ಕಪ್ಪಾಗುತ್ತದೆ, ಅದಕ್ಕೆ ಹೆದರಬೇಡಿ. ಹೊಟ್ಟೆ ತೊಳಸಿದರೆ ರಾತ್ರಿ ಊಟದ ಮೇಲೆ ತೆಗೆದುಕೊಳ್ಳಿ. "ಗುಳಿಗಿ ತಗೊಂಡ್ರ ಕೂಸು ದಪ್ಪ ಆಕ್ಕದ, ಹೆರಿಗಿ ಕಷ್ಟ" ಅಂತ ಮನೆಯ ಹಿರಿಯರು ಬಿಡಿಸುತ್ತಾರೆ. ಆಶಾ ಕಾರ್ಯಕರ್ತೆಯನ್ನೇ ಮನೆಗೆ ಕರೆದು ಅವರ ಮುಂದೆ ಮಾತಾಡಿಸಿ. ಸೊಸೆ ಹೇಳಿದರೆ ಕೇಳದ ಮಾತು ಅಕ್ಕಾವ್ರು ಹೇಳಿದರೆ ಕೇಳುತ್ತಾರೆ.

ಬೆಳಗಾವಿಯ ಜೆಎನ್ ವೈದ್ಯಕೀಯ ಕಾಲೇಜು ಸೇರಿಕೊಂಡು ನಡೆಸಿದ "ವಿಮೆನ್ ಫಸ್ಟ್" ಎಂಬ ಅಧ್ಯಯನ ಇಲ್ಲಿ ನೆನಪಾಗುತ್ತದೆ. ಗ್ವಾಟೆಮಾಲಾ, ಪಾಕಿಸ್ತಾನ, ಕಾಂಗೊ ಜೊತೆ ನಮ್ಮ ಬೆಳಗಾವಿ ಕಡೆಯ ಹೆಣ್ಣುಮಕ್ಕಳೂ ಅದರಲ್ಲಿ ಇದ್ದರು. ಬಸಿರಾಗುವ ಮೂರು ತಿಂಗಳ ಮೊದಲಿನಿಂದಲೇ ಪೋಷಕಾಂಶ ತುಂಬಿದ ಪೂರಕ ಆಹಾರ ಕೊಟ್ಟಾಗ ಹುಟ್ಟಿದ ಮಕ್ಕಳ ಉದ್ದ ಹೆಚ್ಚಿತ್ತು ಎಂದು 2019ರಲ್ಲಿ ವರದಿ ಬಂತು. ಕೊರತೆ ಇರುವ ಕಡೆ, ಸರಿಯಾದ ಹೊತ್ತಿಗೆ ಕೊಟ್ಟಿದ್ದು ಕೆಲಸ ಮಾಡಿತು.

ಮಕ್ಕಳಿಗೆ ಅಂಗನವಾಡಿಯಲ್ಲಿ ಆರು ತಿಂಗಳಿಗೊಮ್ಮೆ ಹಾಕುವ ವಿಟಮಿನ್ ಎ ಹನಿ, ಫೆಬ್ರವರಿ ಮತ್ತು ಆಗಸ್ಟಿನ ಜಂತುಹುಳದ ಗುಳಿಗೆ, ಹೈಸ್ಕೂಲ್ ಮಕ್ಕಳಿಗೆ ವಾರಕ್ಕೊಂದು ನೀಲಿ ಗುಳಿಗೆ, ಇಷ್ಟನ್ನು ತಪ್ಪಿಸದಿದ್ದರೆ ಬಾಟಲಿ ಟಾನಿಕ್ ಬೇಕಿಲ್ಲ. ಶಾಲೆಯ ಬಿಸಿಯೂಟದಲ್ಲಿ ಮೊಟ್ಟೆ ಕೊಡುವುದು 2021ರ ಡಿಸೆಂಬರಿನಲ್ಲಿ ಶುರುವಾದಾಗ ಮೊದಲ ಜಿಲ್ಲೆಗಳಲ್ಲಿ ವಿಜಯಪುರವೂ ಇತ್ತು. ಮೊಟ್ಟೆ ತಿನ್ನುವ ಮಕ್ಕಳಿಗೆ ಬಿ12ಗೆ ಅದು ಒಳ್ಳೆಯ ದಾರಿ. ಚಾಕೊಲೇಟ್ ಥರದ ವಿಟಮಿನ್ ಗಮ್ಮಿ ಮಾತ್ರ ಮನೆಗೆ ತರಬೇಡಿ. ರುಚಿಗೆ ಅರ್ಧ ಡಬ್ಬಿ ಒಮ್ಮೆಲೇ ತಿಂದುಬಿಡುತ್ತಾರೆ.

ಹೆಜ್ಜೆ 4: ಪರೀಕ್ಷೆ, ಆದರೆ ಬೇಕಾದ್ದು ಮಾತ್ರ

"ಫುಲ್ ಬಾಡಿ ಚೆಕಪ್, 80 ಟೆಸ್ಟ್" ಅಂತ ಪಾಂಪ್ಲೆಟ್ ಬರುತ್ತದೆ. ಅಷ್ಟು ಬೇಡ. ಸುಸ್ತು, ಜೋಮು ಇದ್ದರೆ ಸಿಬಿಸಿ (ರಕ್ತಕಣಗಳ ಎಣಿಕೆ), ಫೆರಿಟಿನ್ (ಮೈಯಲ್ಲಿ ಕಬ್ಬಿಣದ ಸಂಗ್ರಹ ಎಷ್ಟಿದೆ ಅಂತ ತೋರಿಸುವುದು), ಬಿ12 ಸಾಕು. ಮೈಕೈ ನೋವು ಇದ್ದು ಬಿಸಿಲು ಕಾಣದವರಾದರೆ ವಿಟಮಿನ್ ಡಿ ಸೇರಿಸಿ. ಹಿಮೋಗ್ಲೋಬಿನ್ ಹೆಂಗಸರಲ್ಲಿ 12ಕ್ಕಿಂತ, ಬಸುರಿಯರಲ್ಲಿ 11ಕ್ಕಿಂತ, ಗಂಡಸರಲ್ಲಿ 13ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಬಿ12 ಸಾಮಾನ್ಯವಾಗಿ 200ರ ಕೆಳಗೆ ಹೋದರೆ ಕೊರತೆ, 200-300ರ ನಡುವೆ ಇದ್ದು ಜೋಮು ಇದ್ದರೆ ಅದನ್ನೂ ವೈದ್ಯರಿಗೆ ತೋರಿಸಬೇಕು. ಡಿ 20ರ ಕೆಳಗೆ ಬಂದರೆ ಕೊರತೆ.

ಕೂದಲು ಉದುರುತ್ತದೆ ಅಂತ ಬಯೋಟಿನ್ (ಇದೂ ಒಂದು ಬಿ ವಿಟಮಿನ್) ತಗೊಳ್ಳುವವರು ರಕ್ತ ಕೊಡುವ ಮೊದಲು ಲ್ಯಾಬಿನವರಿಗೆ ಹೇಳಬೇಕು. ಹೆಚ್ಚಿನ ಪ್ರಮಾಣದ ಬಯೋಟಿನ್ ಥೈರಾಯ್ಡ್ ವರದಿಯನ್ನೇ ಏರುಪೇರು ಮಾಡಿಬಿಡುತ್ತದೆ.

ಹೆಜ್ಜೆ 5: ಸುಮ್ನೆ ದುಡ್ಡು ಹಾಕಬೇಡಿ

ಅಮೆರಿಕದ ವೈಟಲ್ ಅಧ್ಯಯನದಲ್ಲಿ ಸುಮಾರು 26,000 ಜನರಲ್ಲಿ ಅರ್ಧದಷ್ಟು ಮಂದಿಗೆ ಐದು ವರ್ಷ ದಿನಾ 2000 ಐಯು ವಿಟಮಿನ್ ಡಿ ಕೊಟ್ಟು ನೋಡಿದರು. ಕ್ಯಾನ್ಸರ್ ಆಗುವುದೂ ಕಡಿಮೆಯಾಗಲಿಲ್ಲ, ಹೃದಯಾಘಾತವೂ ಕಡಿಮೆಯಾಗಲಿಲ್ಲ. ಅವರಲ್ಲಿ ಹೆಚ್ಚಿನವರಿಗೆ ಮೊದಲೇ ಕೊರತೆ ಇರಲಿಲ್ಲ. ಫಿನ್ಲೆಂಡಿನಲ್ಲಿ ಸಿಗರೇಟು ಸೇದುವ ಸುಮಾರು 29,000 ಗಂಡಸರ ಮೇಲೆ ನಡೆದ, 1994ರಲ್ಲಿ ಪ್ರಕಟವಾದ ಅಧ್ಯಯನದ ಫಲ ಇನ್ನೂ ಕೆಟ್ಟದ್ದು. ಬೀಟಾ ಕ್ಯಾರೊಟಿನ್ ಗುಳಿಗೆ ತಗೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚಾಯಿತು. ಗಜ್ಜರಿ ತಿಂದರೆ ಹಾಗಾಗುವುದಿಲ್ಲ. ಮಲ್ಟಿವಿಟಮಿನ್ ತಗೊಂಡ 60 ದಾಟಿದವರ ನೆನಪಿನ ಶಕ್ತಿಯಲ್ಲಿ ಚೂರು ಲಾಭ ಕಂಡ ಕಾಸ್ಮಾಸ್ ಎಂಬ ಅಧ್ಯಯನವೂ ಇದೆ, ಅದನ್ನು ಮುಚ್ಚಿಡುವುದು ಬೇಡ. ಅಷ್ಟಕ್ಕಾಗಿ ಇಡೀ ಮನೆಗೆ ಡಬ್ಬಿ ತರುವಷ್ಟು ಅದು ದೊಡ್ಡದಲ್ಲ ಅನ್ನುವುದು ನನ್ನ ಲೆಕ್ಕ.

ನಮ್ಮ ಕಡೆಯ ಇನ್ನೊಂದು ರೋಗ, "ಸರ್, ಒಂದು ಸಲೈನ್ ಹಚ್ಚಿಬಿಡ್ರಿ". ಅರ್ಧ ಲೀಟರ್ ಸಾದಾ ಸಲೈನಿನಲ್ಲಿ ಇರುವುದು ನೀರು ಮತ್ತು ನಾಲ್ಕೂವರೆ ಗ್ರಾಂ ಉಪ್ಪು. ಗ್ಲೂಕೋಸಿನ ಬಾಟಲಿಯಾದರೆ 25 ಗ್ರಾಂ ಸಕ್ಕರೆ. ವಾಂತಿ-ಭೇದಿ ಆದವರಿಗೆ ಅದು ಜೀವ ಉಳಿಸುತ್ತದೆ. ಸುಸ್ತಾದವರಿಗೆ ಅದರಲ್ಲಿ ತಾಕತ್ತು ಏನೂ ಇಲ್ಲ. ಜೊತೆಗೆ ಬಿ-ಕಾಂಪ್ಲೆಕ್ಸ್ ಬೆರೆಸಿ ಬಾಟಲಿ ಹಳದಿ ಆದರೆ ಎಲ್ಲರಿಗೂ ಸಮಾಧಾನ. ಮರುದಿನ ಅದೇ ಹಳದಿ ಬಣ್ಣ ಮೂತ್ರದಲ್ಲಿ ಹೋಗುತ್ತದೆ.

ಜಿಮ್‌ಗೆ ಹೋಗುವ ತಮ್ಮಂದಿರಿಗೆ: ದೇಹ ಬೆಳೆಸಲು ಪ್ರೋಟೀನ್ ಪುಡಿ ಬೇಡ ಅಂತ 2024ರ ಆ ಮಾರ್ಗಸೂಚಿಯೇ ಹೇಳಿದೆ. ಗರಡಿ ಮನೆಯ ಪೈಲ್ವಾನರು ಹಾಲು, ಬಾದಾಮಿ, ತುಪ್ಪದ ಮೇಲೆ ಮೈ ಕಟ್ಟಿದರು. ಪುಟಾಣಿ, ಶೇಂಗಾ, ಹಾಲು, ಮೊಟ್ಟೆ ಸಾಲುತ್ತವೆ.

ನೆಂಟರೇ ಚೈನ್ ಸಿಸ್ಟಮ್ ಶೇಕ್ ಡಬ್ಬಿ ಹಿಡಿದು ಬಂದರೆ ಇಲ್ಲ ಅನ್ನುವುದು ಕಷ್ಟ. "ಡಾಕ್ಟರು ಬೇರೆ ಏನೂ ತಗೋಬಾರದು ಅಂದಾರ್ರಿ ಮಾವಾ" ಅನ್ನಿ. ಸಂಬಂಧವೂ ಉಳಿಯುತ್ತದೆ, ಸಾವಿರಾರು ರೂಪಾಯಿಯೂ ಉಳಿಯುತ್ತದೆ.

ಹೆಜ್ಜೆ 6: ಕೊಳ್ಳಲೇಬೇಕಾದರೆ ಡಬ್ಬಿ ಓದಿ

ಡಬ್ಬಿಯನ್ನು ತಿರುಗಿಸಿ ಹಿಂದಿನ ಸಣ್ಣ ಅಕ್ಷರ ನೋಡಿ. ಹೆಲ್ತ್ ಸಪ್ಲಿಮೆಂಟ್ ಆಗಿದ್ದರೆ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ಗುರುತು, 14 ಅಂಕಿಯ ಲೈಸೆನ್ಸ್ ನಂಬರ್, "ನಾಟ್ ಫಾರ್ ಮೆಡಿಸಿನಲ್ ಯೂಸ್" ಎಂಬ ಸಾಲು ಇರಲೇಬೇಕು. ಅಂದರೆ ಅದು ಔಷಧಿ ಅಲ್ಲ. ಶುಗರ್ ಹೋಗುತ್ತದೆ, ಕೀಲುನೋವು ಹೋಗುತ್ತದೆ ಅಂತ ಮಾರುವವನಿಗೆ ಅದೇ ಸಾಲಿನ ಮೇಲೆ ಬೆರಳಿಟ್ಟು ತೋರಿಸಿ. ಆಮೇಲೆ ಪ್ರತಿ ಪೋಷಕಾಂಶದ ಮುಂದೆ ಆರ್‌ಡಿಎ, ಅಂದರೆ ದಿನಕ್ಕೆ ಬೇಕಾದ ಪ್ರಮಾಣದ ಶೇಕಡಾ ಎಷ್ಟು ಅಂತ ನೋಡಿ. ಇಪ್ಪತ್ತೈದು ಹೆಸರು ಇದ್ದು ನಿಮಗೆ ಬೇಕಾದ ಬಿ12 ಚಿಟಿಕೆಯಷ್ಟೇ ಇದ್ದರೆ ವಾಪಸ್ ಇಡಿ. ಒಂದೇ ಪೋಷಕಾಂಶದ ಗುಳಿಗೆ ಕೇಳಿ. ವೈದ್ಯರ ಚೀಟಿ ಇದ್ದರೆ ಜನೌಷಧಿ ಕೇಂದ್ರದಲ್ಲೂ ವಿಚಾರಿಸಿ, ಬೆಲೆ ಬಹಳ ಕಡಿಮೆ.

ಹೆಜ್ಜೆ 7: ತಗೊಳ್ಳುವಾಗ, ನಿಲ್ಲಿಸುವಾಗ

ಕಬ್ಬಿಣ ಮತ್ತು ಕ್ಯಾಲ್ಸಿಯಂ ಒಟ್ಟಿಗೆ ನುಂಗಬೇಡಿ, ಕ್ಯಾಲ್ಸಿಯಂ ಕಬ್ಬಿಣವನ್ನು ಸರಿಯಾಗಿ ಹೀರಲು ಬಿಡುವುದಿಲ್ಲ. ಒಂದು ಮಧ್ಯಾಹ್ನ ಇರಲಿ, ಒಂದು ರಾತ್ರಿ. ಥೈರಾಯ್ಡ್ ಗುಳಿಗೆ ತಗೊಳ್ಳುವವರು ಈ ಎರಡರಿಂದಲೂ ನಾಲ್ಕು ಗಂಟೆ ದೂರ ಇಡಿ. ಕಬ್ಬಿಣದ ಗುಳಿಗೆಯನ್ನು ಚಹಾ ಜೊತೆ ನುಂಗಿದರೆ ಅರ್ಧ ವ್ಯರ್ಥ. ವಿಟಮಿನ್ ಡಿ ಊಟದ ಜೊತೆ ತಗೊಂಡರೆ ಚೆನ್ನಾಗಿ ಹತ್ತುತ್ತದೆ. ಕಬ್ಬಿಣದ ಸ್ಟ್ರಿಪ್ಪನ್ನು ಸಣ್ಣ ಮಕ್ಕಳ ಕೈಗೆ ಸಿಗದ ಹಾಗೆ ಮೇಲೆ ಇಡಿ. ಮಕ್ಕಳು ನಾಲ್ಕಾರು ಒಮ್ಮೆಲೇ ನುಂಗಿದರೆ ಅದು ವಿಷ.

ಶುರು ಮಾಡಿದ ದಿನವೇ ಎಷ್ಟು ದಿನ, ಯಾವಾಗ ಮತ್ತೆ ಪರೀಕ್ಷೆ ಅಂತ ವೈದ್ಯರಿಂದ ಚೀಟಿ ಮೇಲೆ ಬರೆಸಿಕೊಳ್ಳಿ. ಹಿಮೋಗ್ಲೋಬಿನ್ ಸರಿಯಾದ ಮೇಲೂ ಕಬ್ಬಿಣವನ್ನು ಸುಮಾರು ಮೂರು ತಿಂಗಳು ಮುಂದುವರಿಸಬೇಕಾಗುತ್ತದೆ, ಮೈಯಲ್ಲಿ ಸಂಗ್ರಹ ತುಂಬಲು. ಡಿ ಕೋರ್ಸ್ ಎಂಟು ವಾರಕ್ಕೆ ನಿಲ್ಲಬೇಕು. ಮೊಟ್ಟೆ-ಮಾಂಸ ಮುಟ್ಟದವರಿಗೆ ಕೊರತೆ ಬಂದಿದ್ದರೆ ಬಿ12 ಒಂದನ್ನು ಮಾತ್ರ ಸಣ್ಣ ಪ್ರಮಾಣದಲ್ಲಿ ಬಹಳ ಕಾಲ ತಗೊಳ್ಳಬೇಕಾಗಬಹುದು. ಯಾಕಂದರೆ ಅವರ ಊಟ ಬದಲಾಗುವುದಿಲ್ಲ.

ವೈದ್ಯರ ಹತ್ತಿರ ಹೋಗುವಾಗ ಮನೆಯಲ್ಲಿರುವ ಎಲ್ಲ ಸ್ಟ್ರಿಪ್, ಡಬ್ಬಿ, ಚೂರ್ಣ, ಫೋನಿನಲ್ಲಿ ತರಿಸಿದ ಪುಡಿ ಒಂದು ಕೈಚೀಲಕ್ಕೆ ಹಾಕಿಕೊಂಡು ಹೋಗಿ ಮೇಜಿನ ಮೇಲೆ ಸುರಿಯಿರಿ. ಒಂದೇ ವಿಟಮಿನ್ ಡಿ ಮೂರು ಬೇರೆ ಹೆಸರಿನಲ್ಲಿ ನುಂಗುತ್ತಿದ್ದೀರಾ ಅನ್ನುವುದು ಅಲ್ಲೇ ಗೊತ್ತಾಗುತ್ತದೆ.